ಓದದೆ ಕೊಟ್ಟ ಪುಸ್ತಕ

ಆಗಸ್ಟ್ 3

ಮೇಡಂ ಅವರಿಗೆ,

ನೀವು ಹೋಗಿ ಹತ್ತು ದಿನವಾಯಿತು. ಫೋನಿನಲ್ಲಿ ನನ್ನ ದನಿ ಕೇಳಿಸುವುದೇ ಇಲ್ಲ, ಏನಿದ್ದರೂ ಬರೆದು ಕಳಿಸು ಎಂದಿದ್ದಿರಿ. ಅದಕ್ಕೇ ಬರೆಯುತ್ತಿದ್ದೇನೆ. ನನ್ನದು ನಾಲ್ಕನೇ ತರಗತಿಯ ಅಕ್ಷರ, ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ. ನಿಮ್ಮ ಅಕ್ಕನವರ ಸೊಂಟದ ಮೂಳೆ ಬೇಗ ಕೂಡಿಕೊಳ್ಳಲಿ.

ಇಲ್ಲಿ ಎಲ್ಲ ಸರಿಯಾಗಿದೆ. ಬದಲಿ ಲೈಬ್ರರಿಯನ್ ಇನ್ನೂ ಬಂದಿಲ್ಲ. ಬರುವವರೆಗೆ ಅಟೆಂಡರೇ ನೋಡಿಕೊಳ್ಳಲಿ ಎಂದು ಆಫೀಸಿನಿಂದ ಕಾಗದ ಬಂತು. ಬಾಗಿಲು ತೆಗೆದು, ಕಸ ಗುಡಿಸಿ, ತಾರೀಖಿನ ಮುದ್ರೆ ತಿರುಗಿಸಿಟ್ಟು ಕೂರುತ್ತೇನೆ. ನಿಮ್ಮ ಕುರ್ಚಿಯಲ್ಲಿ ಅಲ್ಲ, ಅದರ ಪಕ್ಕದ ಸ್ಟೂಲಿನ ಮೇಲೆ. ಪೇಪರ್ ತಾತ ಎಂದಿನಂತೆ ಎಲ್ಲಕ್ಕಿಂತ ಮೊದಲು ಬಂದು ನಾಲ್ಕೂ ಪೇಪರುಗಳನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಯಾರಾದರೂ ಕೇಳಿದರೆ ಕೆಳಗಿನಿಂದ ಒಂದು ಎಳೆದು ಕೊಡುತ್ತಾರೆ. ಅದು ನಿನ್ನೆಯದಾಗಿರುತ್ತದೆ.

ಶಾಲೆ ಬಿಟ್ಟ ಮೇಲೆ ದೊಡ್ಡ ಮಕ್ಕಳು ಬರುತ್ತಾರೆ. ನಿಮ್ಮ ನೋಟ್‌ಬುಕ್ ನೋಡಿಯೇ ಪುಸ್ತಕ ಕೊಡುತ್ತಿದ್ದೇನೆ. ಇಪ್ಪತ್ತಮೂರು ಮಕ್ಕಳಿಗೂ ಒಂದೊಂದು ಪುಟ ಮಾಡಿ, ಯಾರಿಗೆ ಯಾವುದಾದ ಮೇಲೆ ಯಾವುದು ಎಂದು ಬರೆದಿಟ್ಟಿದ್ದೀರಲ್ಲ, ಅದರಿಂದ ನನಗೆ ಕಷ್ಟವೇ ಇಲ್ಲ. ಕೇಳಿದ್ದೊಂದು, ಕೇಳದ್ದೊಂದು ಎಂಬ ನಿಮ್ಮ ನಿಯಮವನ್ನೂ ಬಿಟ್ಟಿಲ್ಲ. ‘ಯಾಕೆ’ ಹುಡುಗ ಮಾತ್ರ ಕೇಳದ್ದನ್ನು ಯಾಕೆ ಕೊಡುತ್ತೀರಿ ಎಂದು ದಿನಾ ಕೇಳುತ್ತಾನೆ.

ಒಬ್ಬಳು ಹೊಸಬಳು ಬಂದಳು. ನಮ್ಮ ಬೀದಿಯ ಮೂಲೆಯ ಇಸ್ತ್ರಿ ಅಂಗಡಿಯವರ ಮಗಳು, ಹತ್ತನೇ ತರಗತಿ. ಅವಳ ಪುಟ ನೋಟ್‌ಬುಕ್ಕಿನಲ್ಲಿಲ್ಲ. ಸ್ವಲ್ಪ ಹೊತ್ತು ದಿಕ್ಕು ತೋಚಲಿಲ್ಲ. ಆಮೇಲೆ ನನಗೆ ತಿಳಿದ ದಾರಿ ಹಿಡಿದೆ. ನಾಲ್ಕು ವರ್ಷದಿಂದ ಇಲ್ಲಿ ಹರಿದ ಪುಸ್ತಕಗಳಿಗೆ ಅಂಟು ಹಚ್ಚುವವಳು ನಾನು. ಯಾವುದು ಎಷ್ಟು ಸಲ ಕಿತ್ತು ಬಂದಿದೆ ಎಂದು ನನ್ನ ಬೆರಳಿಗೆ ಗೊತ್ತು. ಹೆಚ್ಚು ಸಲ ಕಿತ್ತುಬಂದದ್ದೇ ಹೆಚ್ಚು ಜನಕ್ಕೆ ಬೇಕಾದ ಪುಸ್ತಕ ತಾನೇ? ದೋಣಿಯವನ ಮಗಳ ಕಥೆಯ ಪುಸ್ತಕಕ್ಕೆ ಮೂರು ಸಲ ಬೆನ್ನು ಕಟ್ಟಿದ್ದೇನೆ. ಅದನ್ನೇ ಕೊಟ್ಟೆ.

ಕೀಲಿಕೈ ಜೋಪಾನ ಮಾಡುತ್ತಿರುವ
ಗುಬ್ಬಿ


ಆಗಸ್ಟ್ 9

ಗುಬ್ಬಿ,

ನಿನ್ನ ಕಾಗದವನ್ನು ಅಕ್ಕನಿಗೆ ಓದಿ ಹೇಳಿದೆ. ಪೇಪರ್ ತಾತನ ಸುದ್ದಿಗೆ ನಕ್ಕಳು, ನಕ್ಕರೆ ಸೊಂಟ ನೋಯುತ್ತದೆ ಎಂದು ನನ್ನನ್ನೇ ಬೈದಳು. ಇಷ್ಟೆಲ್ಲ ಮಾತು ನಿನ್ನೊಳಗೆ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಎದುರಿಗಿದ್ದಾಗ ಹೂಂ, ಊಹೂಂ ಬಿಟ್ಟರೆ ಮೂರನೆಯದು ಬರುತ್ತಿರಲಿಲ್ಲವಲ್ಲ. ಗುಬ್ಬಿ ಎಂದು ಹೆಸರಿಟ್ಟವಳೇ ನಾನು, ಈಗ ಬೇರೆ ಹೆಸರು ಹುಡುಕಬೇಕು.

ಅಂಟಿನ ಮೇಲೆ ಪುಸ್ತಕ ಅಳೆಯುವುದು ಕೆಟ್ಟ ಉಪಾಯವೇನಲ್ಲ. ಆದರೆ ನೆನಪಿರಲಿ, ಅಡುಗೆ ಪುಸ್ತಕದ ಬೆನ್ನು ಐದು ಸಲ ಮುರಿದಿತ್ತು, ಯಾರದೋ ಮನೆಯ ಮಂಚದ ಕಾಲಿಗೆ ಅದನ್ನೇ ಒತ್ತು ಕೊಟ್ಟಿದ್ದರು.

ದೊಡ್ಡ ಮಕ್ಕಳು ಪುಸ್ತಕ ವಾಪಸು ಕೊಡುವಾಗ ಸುಮ್ಮನೆ ಹೋಗುವುದಿಲ್ಲ. ನಿಮಗೆ ಹೇಗನ್ನಿಸಿತು ಎಂದು ಕೇಳುತ್ತಾರೆ. ಚಿಕ್ಕವರು ಕೇಳುವುದಿಲ್ಲ, ದೊಡ್ಡವರಿಗೆ ಬೇಕಿಲ್ಲ, ಆ ವಯಸ್ಸಿನವರು ಮಾತ್ರ ಕೇಳುತ್ತಾರೆ. ಪುಸ್ತಕದ ವಿಷಯ ಕೇಳಿದಂತೆ ಇರುತ್ತದೆ, ಕೇಳುವುದು ತಮ್ಮ ವಿಷಯ. ಹುಷಾರಾಗಿ ಉತ್ತರ ಕೊಡು.

ನೀನು ಈಗ ಯಾವ ಪುಸ್ತಕ ಓದುತ್ತಿದ್ದೀಯ?

ದೂರದಿಂದಲೇ ಕಣ್ಣಿಟ್ಟಿರುವ
ನಿನ್ನ ಮೇಡಂ


ಆಗಸ್ಟ್ 20

ಮೇಡಂ ಅವರಿಗೆ,

ಮೇಲಿನ ಕಿಟಕಿಯ ಚಿಲಕ ಸರಿಮಾಡಿಸಿದೆ. ಎರಡನೇ ಕಪಾಟಿಗೆ ಗೆದ್ದಲು ಬಂದಿತ್ತು, ಪುಸ್ತಕಗಳನ್ನೆಲ್ಲ ಇಳಿಸಿ ಬಿಸಿಲಿಗೆ ಹಾಕಿದೆ. ‘ಯಾಕೆ’ ಹುಡುಗ ಸಹಾಯ ಮಾಡಿದ. ಗೆದ್ದಲು ಕಾಗದವನ್ನೇ ಯಾಕೆ ತಿನ್ನುತ್ತದೆ ಎಂದು ಕೇಳಿದ. ನಿಮ್ಮನ್ನು ಕೇಳಿ ಹೇಳುತ್ತೇನೆ ಎಂದಿದ್ದೇನೆ.

ಇಸ್ತ್ರಿ ಅಂಗಡಿಯ ಹುಡುಗಿ ದೋಣಿಯ ಪುಸ್ತಕವನ್ನು ನಾಲ್ಕೇ ದಿನದಲ್ಲಿ ಓದಿ ತಂದಳು. ನೀವು ಹೇಳಿದಂತೆ ಒಂದು ಪ್ರಶ್ನೆ ಕೇಳಿದಳು. ನಾನು ಉತ್ತರ ಕೊಟ್ಟೆ. ಅವಳ ಮುಖ ಹಗುರಾಯಿತು. ಥ್ಯಾಂಕ್ಸ್ ಅಕ್ಕ ಎಂದು ಹೋದಳು. ನನಗೂ ಸಂತೋಷವಾಯಿತು. ಈವರೆಗೆ ನನ್ನನ್ನು ಯಾರೂ ಏನೂ ಕೇಳಿದವರಿಲ್ಲ.

ಅಕ್ಕನವರು ಕೋಲು ಹಿಡಿದು ನಡೆಯುತ್ತಿದ್ದಾರೆಯೇ?

ನಿಮ್ಮ
ಗುಬ್ಬಿ


ಆಗಸ್ಟ್ 26

ಗುಬ್ಬಿ,

ಅಕ್ಕ ಬಾಗಿಲವರೆಗೆ ನಡೆದಳು. ಬಾಗಿಲಾಚೆ ಯಾರಿದ್ದಾರೆ ನೋಡುವ ಆಸೆ, ಇಲ್ಲದಿದ್ದರೆ ಅಷ್ಟೂ ನಡೆಯುತ್ತಿರಲಿಲ್ಲ.

ಗೆದ್ದಲಿಗೆ ಕಾಗದವೂ ಒಂದೇ, ಮರವೂ ಒಂದೇ ಎಂದು ಅವನಿಗೆ ಹೇಳು.

ಹುಡುಗಿ ಕೇಳಿದ್ದೇನು, ನೀನು ಹೇಳಿದ್ದೇನು, ಅದನ್ನೇ ಬರೆಯಲಿಲ್ಲ. ನಾನು ಕೇಳಿದ್ದಕ್ಕೂ ಉತ್ತರವಿಲ್ಲ. ಕಾಗದದಲ್ಲಿ ಹೂಂ ಊಹೂಂ ನಡೆಯುವುದಿಲ್ಲ.

ಕಾಯುತ್ತಿರುವ
ಮೇಡಂ


ಸೆಪ್ಟೆಂಬರ್ 27

ಗುಬ್ಬಿ,

ಒಂದು ತಿಂಗಳಾಯಿತು. ಆಫೀಸಿಗೆ ಫೋನ್ ಮಾಡಿ ಕೇಳಿದೆ, ಲೈಬ್ರರಿ ಸರಿಯಾಗಿ ನಡೆಯುತ್ತಿದೆ, ಅಟೆಂಡರ್ ಚೆನ್ನಾಗಿದ್ದಾಳೆ ಎಂದರು. ಚೆನ್ನಾಗಿರುವವಳು ಬರೆಯಬಹುದಲ್ಲ.

ಮೇಡಂ


ಅಕ್ಟೋಬರ್ 2

ಮೇಡಂ ಅವರಿಗೆ,

ಬರೆಯಲು ಕೂತಾಗಲೆಲ್ಲ ಹರಿದು ಹಾಕಿದೆ. ಇದನ್ನು ಹರಿಯುವುದಿಲ್ಲ.

ನೀವು ಕೇಳಿದ್ದಿರಿ, ಯಾವ ಪುಸ್ತಕ ಓದುತ್ತಿದ್ದೀಯ ಎಂದು. ಯಾವುದೂ ಇಲ್ಲ. ಈ ನಾಲ್ಕು ವರ್ಷದಲ್ಲಿ ನಾನು ಒಂದು ಪುಸ್ತಕವನ್ನೂ ಪೂರ್ತಿ ಓದಿಲ್ಲ. ಬೆನ್ನ ಮೇಲಿನ ಹೆಸರು ಓದುತ್ತೇನೆ, ನಂಬರ್ ಓದುತ್ತೇನೆ. ಒಳಗೆ ಹೋದರೆ ಸಾಲು ಮುಗಿಯುವಷ್ಟರಲ್ಲಿ ಸಾಲಿನ ಮೊದಲು ಮರೆತುಹೋಗುತ್ತದೆ. ಅದಕ್ಕೆ ಮುಚ್ಚಿಡುತ್ತೇನೆ. ನಿಮಗೆ ತಿಳಿದಿರಬಹುದು ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು.

ಆ ಹುಡುಗಿ ಪುಸ್ತಕ ಮೇಜಿನ ಮೇಲಿಟ್ಟು, “ಅಕ್ಕ, ನೀವು ಓದಿದೀರಾ ಇದನ್ನ?” ಎಂದಳು. ಲೈಬ್ರರಿಯಲ್ಲಿ ಕೂತವಳು ಇಲ್ಲ ಎಂದು ಹೇಗೆ ಹೇಳಲಿ? ಹೂಂ ಎಂದೆ. ಆಗ ಅವಳು ಎಪ್ಪತ್ತೆರಡನೇ ಪುಟ ತೆಗೆದು, “ಇಲ್ಲಿ ಅವಳು ಮಾಡಿದ್ದು ಸರಿನಾ?” ಎಂದಳು. ಏನು ಮಾಡಿದ್ದಾಳೋ ನನಗೇನು ಗೊತ್ತು. ಕಥೆಯ ಹುಡುಗಿ ಕೆಟ್ಟದ್ದು ಮಾಡಿರಲಾರಳು ಎಂದುಕೊಂಡು, “ಸರಿ, ಇನ್ನೇನ್ ಮಾಡ್ತಾಳೆ ಪಾಪ” ಎಂದೆ.

ಆಮೇಲೆ ಅವಳು ಬರಲಿಲ್ಲ. ಕಳೆದ ವಾರ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಅಂಟಿಗೆ ಹಿಟ್ಟು ತರಲು ಹೋದೆ. ಇಸ್ತ್ರಿ ಅಂಗಡಿಯ ಮೇಜಿನ ಹಿಂದೆ ಅವಳಿದ್ದಳು. ಅಂಗಿಯ ಕಾಲರಿಗೆ ಇಸ್ತ್ರಿ ಪೆಟ್ಟಿಗೆ ಒತ್ತುತ್ತಿದ್ದಳು. ಅವಳ ಅಮ್ಮ ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದರು, ಬಲಗೈ ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು. ಇವತ್ತು ಶಾಲೆ ಇಲ್ಲವಾ ಎಂದೆ. ಬಿಟ್ಟು ಮೂರು ವಾರವಾಯಿತು ಎಂದಳು. ಅಮ್ಮ ತಲೆ ಎತ್ತದೆ, ಇವಳಿಗೆ ಓದು ಹತ್ತುವುದಿಲ್ಲವಂತೆ, ಬಲವಂತ ಮಾಡಿ ಏನು ಬಂತು ಎಂದರು. ಅವರು ಮಡಿಸಿದ ಬಟ್ಟೆ ಇಡಲು ಒಳಗೆ ಹೋದಾಗ ಹುಡುಗಿ ಮೆಲ್ಲಗೆ ಹೇಳಿದಳು:

“ನೀವೇ ಅಂದ್ರಲ್ಲ ಅಕ್ಕ, ಸರಿ ಅಂತ.”

ಹಿಟ್ಟು ತರಲಿಲ್ಲ. ವಾಪಸು ಬಂದು ಆ ಒಂದು ಪುಟವನ್ನು ಮಾತ್ರ ಬೆರಳಿಟ್ಟು ಓದಿದೆ. ದೋಣಿಯವನ ಕೈ ಮುರಿದಿದೆ. ಮಗಳು ತನ್ನ ಶಾಲೆಯ ಚೀಲವನ್ನು ತಮ್ಮನ ಹೆಗಲಿಗೆ ಹಾಕಿ ದೋಣಿಯ ಹುಟ್ಟು ಹಿಡಿಯುತ್ತಾಳೆ.

ಈ ತಿಂಗಳ ಮೂವತ್ತರೊಳಗೆ ಪರೀಕ್ಷೆಗೆ ಹೆಸರು ಬರೆಸಬೇಕಂತೆ. ಬರೆಸದಿದ್ದರೆ ಅವಳ ಈ ವರ್ಷ ಹೋದಂತೆ, ಆಮೇಲೆ ಅವಳು ಹೋಗುವವಳಲ್ಲ. ನೀವು ಅವಳಿಗೊಂದು ಕಾಗದ ಬರೆಯಿರಿ ಮೇಡಂ. ಊರಲ್ಲಿ ಎಲ್ಲರೂ ನಿಮ್ಮ ಮಾತು ಕೇಳುತ್ತಾರೆ, ಅವಳೂ ಕೇಳುತ್ತಾಳೆ. ನಾನು ಹೇಳಿದ್ದು ತಪ್ಪು ಎಂದು ಬರೆಯಿರಿ.

ಮುಖ ತೋರಿಸಲಾಗದ
ಗುಬ್ಬಿ


ಅಕ್ಟೋಬರ್ 6

ಗುಬ್ಬಿ,

ಎರಡು ಸಲ ಓದಿದೆ ನಿನ್ನ ಕಾಗದ. ಮೊದಲ ಸಲ ಸಿಟ್ಟು ಬಂತು. ಎರಡನೇ ಸಲ ಆ ಸಿಟ್ಟು ಯಾರ ಮೇಲೆ ಎಂದು ತಿಳಿಯಿತು.

ಊರ ಮಕ್ಕಳಿಗೆಲ್ಲ ಪುಟ ಮಾಡಿ ಬರೆದಿಟ್ಟೆ. ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತವಳಿಗೆ ಒಂದು ಪುಟ ಮಾಡಲಿಲ್ಲ. ನೀನು ಬಂದಾಗ ನಿನಗೆ ಹದಿನೆಂಟು. ಕೈಗೆ ಅಂಟಿನ ಡಬ್ಬಿ ಕೊಟ್ಟೆ, ಚೆನ್ನಾಗಿ ಅಂಟಿಸುತ್ತೀಯ ಎಂದು ಹೊಗಳಿದೆ, ಅಲ್ಲಿಗೆ ಮುಗಿಯಿತು. ನಿನಗೆ ಓದಲು ಕಷ್ಟ ಎಂದು ನನಗೆ ತಿಳಿದಿರಬಹುದು ಎಂದು ಬರೆದಿದ್ದೀಯಲ್ಲ. ಗೊತ್ತಿತ್ತು. ಕೇಳಿದರೆ ನಿನಗೆ ಅವಮಾನವಾದೀತು ಎಂದು ಸುಮ್ಮನಿದ್ದೆ. ಸುಮ್ಮನಿರುವುದು ಸುಲಭವೂ ಆಗಿತ್ತು.

ಹುಡುಗಿಗೆ ನಾನು ಬರೆಯುವುದಿಲ್ಲ. ಅವಳು ಕೇಳಿದ್ದು ನನ್ನನ್ನಲ್ಲ. ನಾನು ತಪ್ಪು ಎಂದರೆ ಅದೂ ನಿನ್ನ ‘ಸರಿ’ಯಂಥದ್ದೇ, ಅವಳ ಮನೆ ನೋಡದೆ ಹೇಳಿದ್ದು. ನೀನು ಹೋಗು. ಓದಿರಲಿಲ್ಲ ಎಂದು ಹೇಳು. ಅಷ್ಟು ಹೇಳಿದ ಮೇಲೆ ಏನು ಮಾಡಬೇಕೋ ಅವಳೇ ಹೇಳುತ್ತಾಳೆ.

ಬಾಗಿಲ ಹತ್ತಿರ ಹೋಗಿ ತಿರುಗಿ ಬರಬೇಡ. ನಿನ್ನ ಅಭ್ಯಾಸ ನನಗೆ ಗೊತ್ತು.

ನಿನ್ನದೇ
ಮೇಡಂ


ಅಕ್ಟೋಬರ್ 11

ಮೇಡಂ ಅವರಿಗೆ,

ಬಾಗಿಲ ಹತ್ತಿರ ಹೋಗಿ ಎರಡು ಸಲ ತಿರುಗಿ ಬಂದೆ. ಮೂರನೇ ಸಲ ಅವಳೇ ನೋಡಿ, ಬಟ್ಟೆ ಕೊಡೋದಿತ್ತಾ ಅಕ್ಕ ಎಂದಳು.

ಅವಳ ಅಮ್ಮ ಬಟ್ಟೆ ಮುಟ್ಟಿಸಲು ಹೋಗಿದ್ದರು. ಹೇಳಿಬಿಟ್ಟೆ. ಆ ಪುಸ್ತಕ ನಾನು ಓದಿಲ್ಲ, ಓದಿದ್ದೀನಿ ಅಂದದ್ದು ಸುಳ್ಳು, ಸರಿ ಅಂದದ್ದು ಏನೂ ಗೊತ್ತಿಲ್ಲದೆ ಅಂದದ್ದು. ಅವಳು ಕೈಯಲ್ಲಿದ್ದ ಅಂಗಿಯ ತೋಳು ಮುಗಿಸಿದಳು, ಇನ್ನೊಂದು ತೋಳು ಮುಗಿಸಿದಳು. ಆಮೇಲೆ ಪೆಟ್ಟಿಗೆ ನಿಲ್ಲಿಸಿ, “ಮತ್ಯಾಕೆ ಹಂಗಂದ್ರಿ?” ಎಂದಳು.

“ಓದಿಲ್ಲ ಅನ್ನೋಕೆ ನಾಚಿಕೆ ಆಯ್ತು.”

ಅವಳು ಆ ಅಂಗಿ ಮಡಿಸಿ ಪಕ್ಕಕ್ಕಿಟ್ಟಳು. ಆಮೇಲೆ ತಾನೂ ಹಾಗೇ ಎಂದಳು. ಗಣಿತದ ಮೇಷ್ಟ್ರು ಅರ್ಥ ಆಯ್ತಾ ಎಂದು ಕೇಳಿದಾಗಲೆಲ್ಲ ಹೂಂ ಅನ್ನುತ್ತಿದ್ದಳಂತೆ. ಒಂದು ವರ್ಷದಿಂದ ಏನೂ ಅರ್ಥವಾಗಿಲ್ಲ. ಅದೇ ಹೊತ್ತಿಗೆ ಅಮ್ಮನ ಮಣಿಕಟ್ಟು ಊದಿಕೊಂಡು ಪೆಟ್ಟಿಗೆ ಎತ್ತಲು ಆಗದಂತಾಯಿತು. ಬಿಡಲೋ ಬೇಡವೋ ಎಂದು ಒದ್ದಾಡುತ್ತಿದ್ದಾಗ ನನ್ನ ಕೈಯಿಂದ ಆ ಪುಸ್ತಕ ಹೋಯಿತು. ಅವರ ಕೈಗೋಸ್ಕರ ಬಿಟ್ಟದ್ದು ಎಂದು ಅಮ್ಮನಿಗೆ ಹೇಳಿಲ್ಲ. ಹೇಳಿದರೆ ಒಪ್ಪುವುದಿಲ್ಲ ಎಂದು ಓದು ಹತ್ತುವುದಿಲ್ಲ ಎಂದಿದ್ದಾಳೆ.

ನೀನು ಶಾಲೆಗೆ ಹೋಗು ಎನ್ನಲು ಬಾಯಿ ತೆಗೆದೆ. ಅವಳು ಅಷ್ಟರಲ್ಲೇ ತಡೆದಳು.

“ಈಗ್ಲೂ ಓದದೇನೇ ಹೇಳ್ತೀರಾ? ಓದ್ಕೊಂಡು ಬನ್ನಿ. ಆಮೇಲೆ ಹೇಳಿ, ಸರಿನೋ ತಪ್ಪೋ.”

ಪುಸ್ತಕ ನೂರಾ ಅರವತ್ತೆಂಟು ಪುಟ. ನಿನ್ನೆ ಶುರು ಮಾಡಿದೆ. ಬೆಳಿಗ್ಗೆ ಬೇಗ ಬಂದು ಲೈಬ್ರರಿ ತೆರೆಯುವ ಮುಂಚೆ ಓದುತ್ತೇನೆ. ನಿನ್ನೆ ನಾಲ್ಕು ಪುಟ, ಇವತ್ತು ಐದು. ಪೇಪರ್ ತಾತ ಹೊರಗೆ ಮೆಟ್ಟಿಲ ಮೇಲೆ ಕೂತು, ಇದೇನಮ್ಮ ಬೀಗ ತೆಗೆದಿದೆ, ಬಾಗಿಲು ಹಾಕಿದೆ ಎಂದು ಗೊಣಗುತ್ತಾರೆ. ಹೀಗೇ ಹೋದರೆ ಮೂವತ್ತಕ್ಕೆ ಮುಗಿಯುವುದಿಲ್ಲ.

ಅವಸರದಲ್ಲಿ,
ಗುಬ್ಬಿ


ಅಕ್ಟೋಬರ್ 15

ಗುಬ್ಬಿ,

ಸಾಲಿನ ಮೊದಲು ಮರೆತುಹೋದರೆ ಹೋಗಲಿ, ಮುಂದಿನ ಸಾಲಿಗೆ ಹೋಗು. ಮರೆತದ್ದು ಹಿಂದಿನಿಂದ ತಾನಾಗಿ ಬಂದು ಸೇರಿಕೊಳ್ಳುತ್ತದೆ. ಬಾಯಿ ಬಿಟ್ಟು ಓದು, ಯಾರೂ ಇರುವುದಿಲ್ಲವಲ್ಲ. ತಾತನನ್ನು ಒಳಗೆ ಕೂರಿಸು, ಆತನಿಗೆ ಕಿವಿ ಮಂದ.

ನನ್ನ ಕುರ್ಚಿಯಲ್ಲಿ ಕೂತು ಓದು. ಸ್ಟೂಲಿನಲ್ಲಿ ಕೂತರೆ ಬೆನ್ನು ಹೋಗುತ್ತದೆ.

ಎಷ್ಟನೇ ಪುಟ?

ಮೇಡಂ


ಅಕ್ಟೋಬರ್ 28

ಮೇಡಂ ಅವರಿಗೆ,

ನಿನ್ನೆ ಬೆಳಿಗ್ಗೆ ಮುಗಿಯಿತು. ಹದಿನೆಂಟು ದಿನ.

ಎಪ್ಪತ್ತೆರಡನೇ ಪುಟಕ್ಕೆ ಬಂದಾಗ ಒಂದು ದಿನ ಮುಂದೆ ಹೋಗಲಾಗಲಿಲ್ಲ. ಈ ಸಲ ಹಿಂದಿನ ಎಪ್ಪತ್ತೊಂದು ಪುಟವೂ ನನ್ನ ಜೊತೆಗಿತ್ತು. ಅವಳು ಚೀಲವನ್ನು ತಮ್ಮನ ಹೆಗಲಿಗೆ ಹಾಕುವಾಗ ಯಾರೂ ಏನೂ ಅನ್ನುವುದಿಲ್ಲ. ಅಪ್ಪ ಗೋಡೆಯ ಕಡೆ ತಿರುಗಿ ಮಲಗಿರುತ್ತಾನೆ. ನನಗೂ ಹಾಗೇ ಆಗಿತ್ತು ಮೇಡಂ. ನಾಲ್ಕನೇ ತರಗತಿ ಮುಗಿದ ರಜೆಯಲ್ಲಿ ಚಿಕ್ಕ ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದೆ, ರಜೆ ಮುಗಿದ ಮೇಲೂ ಉಳಿದೆ. ಹೋಗು ಎಂದೂ ಯಾರೂ ಹೇಳಲಿಲ್ಲ, ಬಿಡು ಎಂದೂ ಹೇಳಲಿಲ್ಲ. ಕಥೆಯ ಹುಡುಗಿ ಮಾಡಿದ್ದು ತಪ್ಪು ಎಂದು ನನಗೆ ಅನ್ನಿಸಲೇ ಇಲ್ಲ. ಹಾಗೆಂದು ಹೇಳಿದರೆ ಇಸ್ತ್ರಿ ಅಂಗಡಿಯ ಹುಡುಗಿ ಅಲ್ಲೇ ಉಳಿಯುತ್ತಾಳೆ. ತಪ್ಪು ಎಂದರೆ ಎರಡನೇ ಸುಳ್ಳಾಗುತ್ತದೆ.

ನೂರಾ ನಲವತ್ತನೇ ಪುಟ ಓದಿದ ಮೇಲೆ ಏನು ಮಾಡಬೇಕು ಎಂದು ಹೊಳೆಯಿತು.

ನಿನ್ನೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಪುಸ್ತಕ ಹಿಡಿದು ಹೋದೆ. ಅಮ್ಮ ಇಲ್ಲದಾಗ ಹೋಗಬಹುದಿತ್ತು, ಇರುವಾಗಲೇ ಹೋದೆ. “ಓದಿದ್ರಾ?” ಎಂದಳು ಹುಡುಗಿ. ಪೂರ್ತಿ ಓದಿದೆ, ಒಂದು ಪುಟ ನಿಮಗೂ ಓದಿ ಹೇಳಲಾ ಎಂದು ಅಮ್ಮನನ್ನು ಕೇಳಿದೆ. ಅವರಿಗೆ ಏನೂ ಅರ್ಥವಾಗಲಿಲ್ಲ. “ಓದಮ್ಮ, ಕೈಗೆ ತಾನೇ ಕೆಲ್ಸ, ಕಿವಿಗೇನು” ಎಂದರು.

ಬೀದಿಗೆ ತೆರೆದ ಅಂಗಡಿ. ಒಬ್ಬರು ಪ್ಯಾಂಟಿಗೆ ಕಾಯುತ್ತ ನಿಂತಿದ್ದರು. ಬೆರಳಿಟ್ಟುಕೊಂಡೇ ಓದಿದೆ. ಎರಡು ಕಡೆ ತಡವರಿಸಿ ಸಾಲಿನ ಮೊದಲಿಗೆ ಹೋದೆ. ಆ ಪುಟದಲ್ಲಿ ದೋಣಿಯವನ ಕೈ ಗುಣವಾಗಿ ಎಷ್ಟೋ ಕಾಲವಾಗಿದೆ, ಆದರೂ ಮಗಳೇ ಹುಟ್ಟು ಹಾಕುತ್ತಿದ್ದಾಳೆ. ನಿನಗೋಸ್ಕರ ಶಾಲೆ ಬಿಟ್ಟೆ ಎಂದು ಒಂದು ದಿನ ಅಪ್ಪನಿಗೆ ಹೇಳುತ್ತಾಳೆ. ಅವನು, ಬಿಡು ಎಂದು ನಾನು ನಿನಗೆ ಯಾವತ್ತು ಹೇಳಿದೆ, ನೀನು ನನ್ನನ್ನು ಯಾವತ್ತು ಕೇಳಿದೆ ಎನ್ನುತ್ತಾನೆ. ಅಲ್ಲಿಗೆ ನಿಲ್ಲಿಸಿದೆ.

ಅಮ್ಮ ಮಡಿಸುತ್ತಿದ್ದ ಸೀರೆ ಕೆಳಗಿಟ್ಟರು. ನನ್ನನ್ನು ನೋಡಲಿಲ್ಲ, ಮಗಳನ್ನು ನೋಡಿದರು.

“ಓದು ಹತ್ತಲ್ಲ ಅಂದ್ಯಲ್ಲ. ನನ್ನ ಕೈಗೋಸ್ಕರನಾ?”

ಹುಡುಗಿ ತಲೆ ಬಗ್ಗಿಸಿದಳು. ಗಣಿತವೂ ಬರುವುದಿಲ್ಲ ಎಂದಳು.

“ಗಣಿತ ಆಮೇಲೆ. ನನ್ನ ಕೈ ನಂದು, ಅದರ ಚಿಂತೆ ನಂಗಿರ್ಲಿ. ಬೆಳಿಗ್ಗೆ ಹತ್ತು ಬಟ್ಟೆ ಕಮ್ಮಿ ತಗೋತೀನಿ. ನಿನ್ನನ್ನ ಯಾರೇ ಕೇಳಿದ್ದು?”

ಪ್ಯಾಂಟಿನವರು ನಾಳೆ ಬರುತ್ತೇನೆ ಎಂದು ಹೊರಟುಹೋದರು.

ಹುಡುಗಿ ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿದಳು. ಬಿಡುವವಳಲ್ಲ ಅವಳು. “ನೀವು ಇನ್ನೂ ಹೇಳ್ಲಿಲ್ಲ. ಸರಿನಾ?”

“ಗೊತ್ತಿಲ್ಲ. ನಾನೂ ಹಂಗೇ ಬಿಟ್ಟವಳು. ಈ ಪುಸ್ತಕ ನೀನು ನಾಲ್ಕು ದಿನದಲ್ಲಿ ಓದಿದೆ. ನಂಗೆ ಹದಿನೆಂಟು ದಿನ ಬೇಕಾಯ್ತು. ನಂಗೆ ಗೊತ್ತಿರೋದು ಅಷ್ಟೇ.”

ಅವಳು ಪೆಟ್ಟಿಗೆ ಆರಿಸಿದಳು. ಇನ್ನು ಎರಡು ದಿನ ಉಳಿದಿದೆ. ಹೋಗುತ್ತಾಳೋ ಇಲ್ಲವೋ ನನಗೆ ತಿಳಿಯದು. ನಾನು ಮತ್ತೆ ಹೋಗಿ ಕೇಳುವುದಿಲ್ಲ.

ನಿಮ್ಮ ಕುರ್ಚಿಯಲ್ಲಿ ಕೂತು ಬರೆದ
ಗುಬ್ಬಿ


ನವೆಂಬರ್ 2

ಗುಬ್ಬಿ,

ಕಾಗದ ತಲುಪಿತು. ಮೂವತ್ತನೇ ತಾರೀಖು ಕಳೆದು ಮೂರು ದಿನವಾಯಿತು. ಅಕ್ಕ ದಿನಕ್ಕೆ ನಾಲ್ಕು ಸಲ ಕೇಳುತ್ತಾಳೆ, ಆ ಹುಡುಗಿ ಏನಾದಳು ಎಂದು. ನಾನು ಒಂದು ಸಲವೂ ಕೇಳುತ್ತಿಲ್ಲ, ಆದರೆ ಅಂಚೆಯವನು ಬರುವ ಹೊತ್ತಿಗೆ ಗೇಟಿನ ಹತ್ತಿರ ನನಗೇನೋ ಕೆಲಸ ಬೀಳುತ್ತದೆ.

ಏನೇ ಆಗಿರಲಿ, ನೀನು ಬೀದಿಯಲ್ಲಿ ನಿಂತು ಓದಿದೆ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ನಾನು ಯಾರ ಬಾಗಿಲಿಗೂ ಪುಸ್ತಕ ಹಿಡಿದು ಹೋದವಳಲ್ಲ.

ಬದಲಿಯವರನ್ನು ಕಳಿಸುವುದು ಬೇಡ ಎಂದು ಆಫೀಸಿಗೆ ಬರೆದಿದ್ದೇನೆ.

ಗೇಟಿನ ಹತ್ತಿರ ನಿಂತಿರುವ
ಮೇಡಂ


ನವೆಂಬರ್ 8

ಮೇಡಂ ಅವರಿಗೆ,

ತಡವಾಯಿತು, ಅಕ್ಕನವರ ಹತ್ತಿರ ಕ್ಷಮೆ ಕೇಳಿದೆ ಎನ್ನಿ. ಪೂರ್ತಿ ತಿಳಿದ ಮೇಲೆ ಬರೆಯೋಣ ಎಂದು ಕಾದೆ. ಅರ್ಧ ತಿಳಿದು ಮಾತಾಡಿ ಆಗಿದ್ದು ಸಾಕು.

ಹೆಸರು ಬರೆಸಿದ್ದಾಳೆ. ಮೂವತ್ತನೇ ತಾರೀಖು ಸಾಯಂಕಾಲ ಶಾಲೆಯ ಆಫೀಸು ಮುಚ್ಚುವ ಮುಂಚೆ ಅಮ್ಮನೇ ಕೈ ಹಿಡಿದು ಕರೆದುಕೊಂಡು ಹೋದರಂತೆ. ಈಗ ಬೆಳಿಗ್ಗೆ ಸಮವಸ್ತ್ರ ಹಾಕಿಕೊಂಡು ನಮ್ಮ ಕಿಟಕಿಯ ಮುಂದೆಯೇ ಹೋಗುತ್ತಾಳೆ. ಅದರ ಇಸ್ತ್ರಿ ನೋಡಬೇಕು ನೀವು, ಶಾಲೆಯಲ್ಲೇ ಅಂಥದ್ದು ಇಲ್ಲ. ಸಂಜೆ ಒಂದು ಗಂಟೆ ಅಂಗಡಿಯಲ್ಲಿ ನಿಲ್ಲುತ್ತಾಳೆ, ಅಮ್ಮ ಅದಕ್ಕಿಂತ ಹೆಚ್ಚು ಬಿಡುವುದಿಲ್ಲ. ಗಣಿತ ಇನ್ನೂ ಕಷ್ಟವೇ ಅಂತೆ. ಅರ್ಥವಾಗಿಲ್ಲ ಎಂದು ಮೊನ್ನೆ ಎದ್ದು ನಿಂತು ಹೇಳಿದಳಂತೆ. ಇನ್ನೂ ಐದು ಜನ ಅವಳ ಹಿಂದೆ ಎದ್ದು ನಿಂತರಂತೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮೊದಲಿನಿಂದ ಶುರು ಮಾಡಿದರಂತೆ.

ಒಂದು ವಾರ ಲೈಬ್ರರಿಯೊಳಗೆ ಮಾತ್ರ ಬರಲಿಲ್ಲ. ಬರಬೇಕೆಂದು ನಾನೇನು ಕೇಳಲಿ, ಸುಳ್ಳು ಹೇಳಿದವಳು. ಇವತ್ತು ಶನಿವಾರ, ಬಂದಳು. ನನ್ನ ಹತ್ತಿರ ಬರದೆ ನೇರ ಚಿಕ್ಕ ಮಕ್ಕಳ ಕಪಾಟಿಗೆ ಹೋದಳು. ಬಹಳ ಹೊತ್ತು ಹುಡುಕಿ, ದಪ್ಪಕ್ಷರದ ತೆಳ್ಳನೆಯ ಪುಸ್ತಕವೊಂದನ್ನು ತಂದು ಮೇಜಿನ ಮೇಲಿಟ್ಟಳು. ಕಾರ್ಡು ಎಲ್ಲಿ ಎಂದೆ.

“ನನಗಲ್ಲ, ನಿಮಗೆ. ಇದಕ್ಕೆ ಹದಿನೆಂಟು ದಿನ ಬೇಡ.”

“ನೀನು ಓದಿದೀಯಾ?”

“ಓದದೇ ಇರೋದನ್ನ ನಾನು ಯಾರಿಗೂ ಕೊಡಲ್ಲ” ಎಂದಳು. ನನ್ನ ಮುಖ ಕೆಂಪಾಗಿರಬೇಕು. ಅವಳು ನಗಲಿಲ್ಲ, ಆದರೆ ಹೋಗಲೂ ಇಲ್ಲ. ಎದುರಿನ ಬೆಂಚಿನಲ್ಲಿ ಕೂತು ಗಣಿತದ ಪುಸ್ತಕ ತೆಗೆದಳು. ನಾನು ನನ್ನ ಹೆಸರಿನಲ್ಲೇ ಪುಸ್ತಕಕ್ಕೆ ಮುದ್ರೆ ಹಾಕಿಕೊಂಡೆ.

ಇಷ್ಟು ಬರೆದು ನಿಲ್ಲಿಸುತ್ತೇನೆ. ಅವಳು ಆಗಾಗ ತಲೆ ಎತ್ತಿ, ಓದುತ್ತಿದ್ದೇನೋ ಇಲ್ಲವೋ ಎಂದು ನೋಡುತ್ತಿದ್ದಾಳೆ.

ಆರನೇ ಪುಟದಲ್ಲಿರುವ
ನಿಮ್ಮ ಗುಬ್ಬಿ